ವೆಬ್ ಪುಟಕ್ಕೆ ಹಿನ್ನೆಲೆ ಚಿತ್ರ ಹಾಕುವ ಮುನ್ನ ಇದನ್ನು ತಿಳಿಯಿರಿ: ಅಂದವೂ ಬೇಕು, ಅಕ್ಷರವೂ ಕಾಣಬೇಕು

ಹಜೀರಾ (ಸೂರತ್): ಸೂರತ್‌ನಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು ಸೋಮನಾಥ ದರ್ಶನಕ್ಕೆ ಹೊರಟಿದೆ ಎಂದುಕೊಳ್ಳಿ. ಊರಿನಿಂದ ಬಂದ ಅಜ್ಜ-ಅಜ್ಜಿಯೂ ಜತೆಗಿದ್ದಾರೆ. ದಿನವಿಡೀ ರಸ್ತೆಯಲ್ಲಿ ಕೂರುವ ಬದಲು ಹಜೀರಾದಿಂದ ಹಡಗಿನಲ್ಲಿ ಘೋಘಾಕ್ಕೆ ದಾಟಿ, ಅಲ್ಲಿಂದ ಕಾರಿನಲ್ಲೇ ಮುಂದೆ ಹೋಗುವುದು ಅವರ ಲೆಕ್ಕಾಚಾರ. ಹಡಗು ಎಷ್ಟು ಗಂಟೆಗೆ ಹೊರಡುತ್ತದೆ ಎಂದು ಮತ್ತೊಮ್ಮೆ ನೋಡಿಕೊಳ್ಳಲು ಮಗ ದಾರಿಯಲ್ಲೇ ಮೊಬೈಲ್ ತೆಗೆದು ಪ್ರವಾಸ ಸಂಸ್ಥೆಯೊಂದರ ಪುಟ ತೆರೆಯುತ್ತಾನೆ. ಸಿಗ್ನಲ್ ಅಷ್ಟಕ್ಕಷ್ಟೆ. ಮೊದಲು ಬಿಳಿ ಪರದೆ. ಹತ್ತಿಪ್ಪತ್ತು ಸೆಕೆಂಡು ಕಳೆದ ಮೇಲೆ ಸೂರ್ಯಾಸ್ತದ ಸಮುದ್ರದ ದೊಡ್ಡ ಚಿತ್ರ ನಿಧಾನವಾಗಿ ಮೂಡುತ್ತದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಏನೋ ಬರೆದಿದೆ. ಆಕಾಶವೂ ಬೆಳ್ಳಗಿದೆ, ಅಕ್ಷರವೂ ಬೆಳ್ಳಗಿದೆ. ಸಮಯ ಮಾತ್ರ ಕಾಣುವುದಿಲ್ಲ.

ಇದು ಊಹೆಯ ಸನ್ನಿವೇಶ. ಆದರೆ ಇಂಥ ಪುಟಕ್ಕೆ ಒಮ್ಮೆಯಾದರೂ ಸಿಕ್ಕಿಕೊಳ್ಳದವರು ಕಡಿಮೆ. ಮದುವೆ ಆಮಂತ್ರಣದ ಪುಟ, ಶಾಲೆಯ ಪುಟ, ದೇವಸ್ಥಾನದ ಸೇವಾ ಪಟ್ಟಿ, ಹೋಂಸ್ಟೇ ಜಾಹೀರಾತು ಹೀಗೆ ಎಲ್ಲೆಡೆಯೂ ಪರದೆ ತುಂಬುವ ಹಿನ್ನೆಲೆ ಚಿತ್ರ ಈಗ ಸಾಮಾನ್ಯ. ಅದನ್ನು ಹಾಕುವುದು ಒಂದು ಸಾಲಿನ ಕೆಲಸ, ಸರಿಯಾಗಿ ಹಾಕುವುದಕ್ಕೆ ಮಾತ್ರ ಸ್ವಲ್ಪ ತಿಳಿವಳಿಕೆ ಬೇಕು. ಹಜೀರಾ ಹಡಗಿನ ಈ ಕಲ್ಪಿತ ಪುಟವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಹಿನ್ನೆಲೆ ಚಿತ್ರ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ಕನ್ನಡ ಪುಟಗಳಲ್ಲಿ ಏನನ್ನು ವಿಶೇಷವಾಗಿ ಗಮನಿಸಬೇಕು ಎಂಬುದರ ವಿವರ ಇಲ್ಲಿದೆ.

ಹಜೀರಾ ಏಕೆ?

ತಾಪಿ ನದಿ ಸಮುದ್ರ ಸೇರುವ ಕಡೆ, ಸೂರತ್ ನಗರದ ಪಶ್ಚಿಮಕ್ಕಿರುವ ಹಜೀರಾ ಗುಜರಾತಿನ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲೊಂದು. ಉಕ್ಕು, ರಸಗೊಬ್ಬರ, ನೈಸರ್ಗಿಕ ಅನಿಲ, ಪೆಟ್ರೋಕೆಮಿಕಲ್, ಭಾರಿ ಯಂತ್ರಗಳ ತಯಾರಿಕೆ, ಜತೆಗೆ ಬಂದರು ಎಲ್ಲವೂ ಇಲ್ಲಿವೆ. 2020ರ ನವೆಂಬರ್ 8ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿನ ಟರ್ಮಿನಲ್ ಹಾಗೂ ಹಜೀರಾ-ಘೋಘಾ ರೋ-ಪ್ಯಾಕ್ಸ್ ಫೆರಿ ಸೇವೆಗೆ ವಿಡಿಯೊ ಕಾನ್ಫರೆನ್ಸ್ ಮೂಲಕ ಚಾಲನೆ ನೀಡಿದರು. ರೋ-ಪ್ಯಾಕ್ಸ್ ಎಂದರೆ ಪ್ರಯಾಣಿಕರ ಜತೆಗೆ ಕಾರು, ಲಾರಿಗಳನ್ನೂ ಹತ್ತಿಸಿಕೊಂಡು ಹೋಗುವ ಹಡಗು.

ಭಾವನಗರ ಜಿಲ್ಲೆಯ ಘೋಘಾಕ್ಕೂ ಹಜೀರಾಕ್ಕೂ ರಸ್ತೆಯಲ್ಲಿ ಸುಮಾರು 370 ಕಿಲೋಮೀಟರ್. ಖಂಭಾತ್ ಕೊಲ್ಲಿಯನ್ನು ಸುತ್ತಿ ಹೋಗಬೇಕಾದ ಈ ದಾರಿಗೆ 10ರಿಂದ 12 ಗಂಟೆ ಬೇಕು. ಸಮುದ್ರ ಮಾರ್ಗದಲ್ಲಿ ಅದೇ ಅಂತರ ಸುಮಾರು 90 ಕಿಲೋಮೀಟರ್, ಪ್ರಯಾಣ ನಾಲ್ಕು ಗಂಟೆಯ ಆಸುಪಾಸು. ಸೇವೆ ಆರಂಭವಾದಾಗ ಬಳಸಿದ ಮೂರು ಅಂತಸ್ತಿನ ಹಡಗಿಗೆ 30 ಲಾರಿ, 100 ಕಾರು ಹಾಗೂ 500 ಪ್ರಯಾಣಿಕರನ್ನು ಒಯ್ಯುವ ಸಾಮರ್ಥ್ಯವಿತ್ತು.

ಇಂಥ ಸೇವೆಯ ವಿಷಯದಲ್ಲಿ ಜನ ಪುಟ ತೆರೆಯುವುದು ಚಿತ್ರ ನೋಡಲಿಕ್ಕಲ್ಲ. ಹಡಗು ಎಷ್ಟು ಹೊತ್ತಿಗೆ, ಎಷ್ಟು ಮೊದಲು ಜೆಟ್ಟಿಗೆ ಬರಬೇಕು, ಇಂದು ಹಡಗು ಇದೆಯೋ ಇಲ್ಲವೋ ಎಂದು ತಿಳಿಯಲು. ಒಂದು ಸಾಲು ಕಾಣದೆ ಹೋಗಿ ಹಡಗು ತಪ್ಪಿದರೆ ಅದೇ 370 ಕಿಲೋಮೀಟರ್ ರಸ್ತೆ ಎದುರಿಗಿರುತ್ತದೆ.

ಹಿನ್ನೆಲೆ ಚಿತ್ರ ಎಂದರೇನು?

ವೆಬ್ ಪುಟದಲ್ಲಿ ಚಿತ್ರಗಳು ಎರಡು ಬಗೆ. ಮೊದಲನೆಯದು ವಿಷಯಕ್ಕೆ ಸೇರಿದ ಚಿತ್ರ. ಹಡಗಿನ ಒಳಗಿನ ಆಸನ ವ್ಯವಸ್ಥೆ ತೋರಿಸುವ ಫೋಟೊ ಅಥವಾ ಜೆಟ್ಟಿಗೆ ಹೋಗುವ ದಾರಿಯ ನಕ್ಷೆ ಈ ಬಗೆಯದು. ಅದನ್ನು ತೆಗೆದರೆ ಓದುಗನಿಗೆ ಮಾಹಿತಿ ತಪ್ಪುತ್ತದೆ. ಇಂಥ ಚಿತ್ರವನ್ನು ಪುಟದ ಎಚ್‌ಟಿಎಂಎಲ್‌ನಲ್ಲೇ ಇಟ್ಟು, ಜತೆಗೆ ಅದರ ವಿವರವನ್ನು ಪದಗಳಲ್ಲಿ ಬರೆಯಬೇಕು.

ಎರಡನೆಯದು ಅಲಂಕಾರದ ಚಿತ್ರ. ಅಲೆಗಳ ವಿನ್ಯಾಸ, ದೂರದ ದಿಗಂತ, ಬಟ್ಟೆಯ ನೇಯ್ಗೆಯಂಥ ಮೆಲುಬಣ್ಣ ಇತ್ಯಾದಿ. ಅದು ಇಲ್ಲದಿದ್ದರೂ ಮಾಹಿತಿಗೆ ಕೊರತೆಯಿಲ್ಲ. ಹಿನ್ನೆಲೆ ಚಿತ್ರದ ನಿಜವಾದ ಜಾಗ ಇದು. ನಾಟಕದ ರಂಗದ ಹಿಂದಿನ ಪರದೆಯಂತೆ ಅದು ಹಿಂದೆ ನಿಲ್ಲಬೇಕು, ಪಾತ್ರಗಳ ಮುಂದೆ ಬರಬಾರದು.

ಪುಟದ ಹಿಂದೆ ಚಿತ್ರ ಹರಡುವ ಸೌಲಭ್ಯ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ನ 1.1 ಆವೃತ್ತಿಯೊಂದಿಗೆ ಜನಪ್ರಿಯವಾಯಿತು. ಚಿಕ್ಕ ಚಿತ್ರವೊಂದನ್ನು ಕೊಟ್ಟರೆ ಬ್ರೌಸರ್ ಅದನ್ನು ನೆಲದ ಟೈಲ್ಸ್‌ನಂತೆ ಪುಟದ ಉದ್ದಗಲಕ್ಕೂ ಹಾಸುತ್ತಿತ್ತು. 1996ರ ಡಿಸೆಂಬರ್‌ನಲ್ಲಿ ಡಬ್ಲ್ಯು3ಸಿ ಸಂಸ್ಥೆ ಸಿಎಸ್‌ಎಸ್‌ನ ಮೊದಲ ಆವೃತ್ತಿಯನ್ನು ಹೊರತಂದಾಗ ಹಿನ್ನೆಲೆ ಚಿತ್ರ, ಹಿನ್ನೆಲೆ ಬಣ್ಣ, ಚಿತ್ರದ ಸ್ಥಾನ, ಅದು ಮರುಕಳಿಸಬೇಕೋ ಬೇಡವೋ ಎಂಬುದನ್ನೆಲ್ಲ ನಿಯಂತ್ರಿಸುವ ಸೂಚನೆಗಳು ಬಂದವು. ಚಿತ್ರದ ಗಾತ್ರ ಹೊಂದಿಸುವ ಹಾಗೂ ಒಂದರ ಮೇಲೊಂದು ಚಿತ್ರ ಇಡುವ ಸೌಲಭ್ಯ ನಂತರದ ಸಿಎಸ್‌ಎಸ್ 3ರಲ್ಲಿ ಸೇರಿತು. ಇಂದು ಕಾಣುವ ಪರದೆ ತುಂಬುವ ಚಿತ್ರಗಳಿಗೆ ಕಾರಣ ಆ ಸೌಲಭ್ಯವೇ.

ಲ್ಯಾಪ್‌ಟಾಪ್‌ನಲ್ಲಿ ಹಡಗು, ಮೊಬೈಲ್‌ನಲ್ಲಿ ಬರೀ ನೀರು!

ಹೊಸಬರು ಮಾಡುವ ಮೊದಲ ತಪ್ಪು ಇಲ್ಲಿದೆ. ಪುಟವನ್ನು ಲ್ಯಾಪ್‌ಟಾಪ್‌ನಲ್ಲಿ ಸಿದ್ಧಪಡಿಸುತ್ತಾರೆ, ಅಲ್ಲೇ ನೋಡಿ ಚೆನ್ನಾಗಿದೆ ಎಂದು ಬಿಟ್ಟುಬಿಡುತ್ತಾರೆ. ಓದುವವರ ಕೈಯಲ್ಲಿರುವುದು ಮಾತ್ರ ಮೊಬೈಲ್.

ಚಿತ್ರದ ಗಾತ್ರ ಹೊಂದಿಸಲು ಮುಖ್ಯವಾಗಿ ಎರಡು ಆಯ್ಕೆಗಳಿವೆ. ‘ಕವರ್’ ಎಂದು ಕೊಟ್ಟರೆ ಚಿತ್ರ ಪರದೆಯನ್ನು ಪೂರ್ತಿ ತುಂಬುತ್ತದೆ, ಹೆಚ್ಚಾದ ಭಾಗ ಕತ್ತರಿಸಿ ಹೋಗುತ್ತದೆ. ‘ಕಂಟೇನ್’ ಎಂದು ಕೊಟ್ಟರೆ ಇಡೀ ಚಿತ್ರ ಕಾಣುತ್ತದೆ, ಆದರೆ ಅಕ್ಕಪಕ್ಕದಲ್ಲೋ ಮೇಲೆ ಕೆಳಗೋ ಜಾಗ ಖಾಲಿ ಉಳಿಯುತ್ತದೆ. ಹೆಚ್ಚಿನವರು ಆರಿಸುವುದು ‘ಕವರ್’.

ಈಗ ಲೆಕ್ಕ ನೋಡಿ. ಹಡಗಿನ ಫೋಟೊ 16:9 ಅನುಪಾತದ ಅಡ್ಡ ಚಿತ್ರ. ಮೊಬೈಲ್ ಪರದೆ ಸುಮಾರು 9:20 ಅನುಪಾತದ ಉದ್ದ ಪರದೆ. ಉದ್ದಕ್ಕೆ ಸರಿಯಾಗಿ ಚಿತ್ರ ಹಿಗ್ಗಿದಾಗ ಅದರ ಅಗಲದಲ್ಲಿ ಕಾಣುವುದು ಕೇವಲ ಕಾಲು ಭಾಗ. ಉಳಿದ ಮುಕ್ಕಾಲು ಭಾಗ ಪರದೆಯ ಆಚೆಗೆ ಹೋಗುತ್ತದೆ. ಹಡಗು ಚಿತ್ರದ ಬಲ ಅಂಚಿನಲ್ಲಿದ್ದರೆ ಮೊಬೈಲ್‌ನಲ್ಲಿ ಕಾಣುವುದು ಬರೀ ನೀರು.

ಇದಕ್ಕೆ ಪರಿಹಾರ ಎರಡು. ಒಂದು, ಚಿತ್ರದ ಯಾವ ಭಾಗ ಯಾವಾಗಲೂ ಕಾಣಬೇಕು ಎಂಬುದನ್ನು ‘ಪೊಸಿಷನ್’ ಸೂಚನೆಯ ಮೂಲಕ ಹೇಳುವುದು. ಹಡಗು ಬಲಕ್ಕಿದ್ದರೆ ಬಲಭಾಗವನ್ನು ಹಿಡಿದಿಡುವಂತೆ ಸೂಚಿಸಬಹುದು. ಇನ್ನೊಂದು, ಮೊಬೈಲ್‌ಗೆ ಬೇರೆಯದೇ ಉದ್ದ ಚಿತ್ರ ಕೊಡುವುದು. ಪರದೆಯ ಅಗಲ ನೋಡಿ ಬೇರೆ ಬೇರೆ ಚಿತ್ರ ತೋರಿಸುವ ‘ಮೀಡಿಯಾ ಕ್ವೆರಿ’ ಎಂಬ ವ್ಯವಸ್ಥೆ ಸಿಎಸ್‌ಎಸ್‌ನಲ್ಲೇ ಇದೆ. ಎರಡನೆಯ ದಾರಿಯಲ್ಲಿ ಮೊಬೈಲ್‌ಗೆ ಸಣ್ಣ ಫೈಲ್ ಹೋಗುವುದರಿಂದ ಡೇಟಾ ಕೂಡ ಉಳಿಯುತ್ತದೆ.

ಪುಟ ಸರಿದರೂ ಚಿತ್ರ ಸರಿಯದೆ ನಿಂತಲ್ಲೇ ನಿಲ್ಲುವ ‘ಫಿಕ್ಸೆಡ್’ ಹಿನ್ನೆಲೆಯ ಬಗ್ಗೆಯೂ ಎಚ್ಚರ ಇರಲಿ. ಲ್ಯಾಪ್‌ಟಾಪ್‌ನಲ್ಲಿ ಸೊಗಸಾಗಿ ಕಾಣುವ ಈ ತಂತ್ರ ಐಫೋನ್‌ನ ಸಫಾರಿ ಬ್ರೌಸರ್‌ನಲ್ಲಿ ಅಂದುಕೊಂಡಂತೆ ಕೆಲಸ ಮಾಡುವುದಿಲ್ಲ. ಸಾಮಾನ್ಯ ಮೊಬೈಲ್‌ಗಳಲ್ಲಿ ಪುಟ ತಡವರಿಸುತ್ತಾ ಸರಿಯುವಂತೆಯೂ ಆಗಬಹುದು.

ಒಂದು ಫೋಟೊದ ಭಾರ ಎಷ್ಟು?

ಈಗಿನ ಮೊಬೈಲ್ ಕ್ಯಾಮೆರಾದಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಫೋಟೊ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ ಇರುತ್ತದೆ. ಫೈಲ್ ಗಾತ್ರ 5 ಎಂಬಿ ಎಂದುಕೊಳ್ಳೋಣ. ಅದನ್ನು ಹಾಗೆಯೇ ಪುಟಕ್ಕೆ ಏರಿಸಿದರೆ ಏನಾಗುತ್ತದೆ?

ಸೆಕೆಂಡಿಗೆ 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 5 ಎಂಬಿ ಇಳಿಯಲು 20 ಸೆಕೆಂಡು ಬೇಕು. ಅದೇ ಚಿತ್ರವನ್ನು ಮೊಬೈಲ್ ಪರದೆಗೆ ತಕ್ಕಂತೆ ಚಿಕ್ಕದು ಮಾಡಿ 200 ಕೆಬಿಗೆ ಇಳಿಸಿದರೆ ಒಂದು ಸೆಕೆಂಡೂ ಬೇಕಿಲ್ಲ. ಹಡಗಿನ 500 ಪ್ರಯಾಣಿಕರೂ ಆ ಪುಟ ತೆರೆದರು ಎಂದುಕೊಂಡರೆ ಮೊದಲ ಲೆಕ್ಕದಲ್ಲಿ ಒಟ್ಟು 2500 ಎಂಬಿ ಡೇಟಾ ಖರ್ಚು, ಎರಡನೆಯದರಲ್ಲಿ 100 ಎಂಬಿ. ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ.

ಡೇಟಾ ಅಷ್ಟೇ ಅಲ್ಲ, ಮೊಬೈಲ್‌ನ ಮೆಮೊರಿಯ ಮೇಲೂ ಹೊರೆ ಬೀಳುತ್ತದೆ. ಫೈಲ್ 5 ಎಂಬಿ ಇದ್ದರೂ ಪರದೆಯ ಮೇಲೆ ತೋರಿಸಲು ಬ್ರೌಸರ್ ಅದನ್ನು ಬಿಡಿಸಿಕೊಳ್ಳಬೇಕು. ಒಂದೊಂದು ಪಿಕ್ಸೆಲ್‌ಗೂ 4 ಬೈಟ್‌ನಂತೆ 4000×3000 ಚಿತ್ರಕ್ಕೆ 48 ಎಂಬಿ ಮೆಮೊರಿ ಬೇಕಾಗುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಪುಟ ಬಿಗಿದುಕೊಳ್ಳಲು ಇದೂ ಒಂದು ಕಾರಣ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಎಚ್‌ಟಿಎಂಎಲ್‌ನಲ್ಲಿ ನೇರವಾಗಿ ಇಟ್ಟ ಚಿತ್ರವನ್ನು ಬ್ರೌಸರ್ ಬೇಗನೆ ಗುರುತಿಸಿ ತರಿಸಿಕೊಳ್ಳಲು ಶುರು ಮಾಡುತ್ತದೆ. ಸಿಎಸ್‌ಎಸ್ ಫೈಲ್‌ನಲ್ಲಿ ಬರೆದ ಹಿನ್ನೆಲೆ ಚಿತ್ರದ ವಿಷಯ ಹಾಗಲ್ಲ. ಆ ಫೈಲ್ ಬಂದು, ಅದನ್ನು ಓದಿ, ಪುಟಕ್ಕೆ ಹೊಂದಿಸಿ ನೋಡಿದ ಮೇಲಷ್ಟೇ ಹೀಗೊಂದು ಚಿತ್ರ ಬೇಕು ಎಂಬುದು ಬ್ರೌಸರ್‌ಗೆ ತಿಳಿಯುತ್ತದೆ. ಹಾಗಾಗಿ ಪುಟದ ಅತಿ ದೊಡ್ಡ ಚಿತ್ರವೇ ಅತಿ ತಡವಾಗಿ ಹೊರಡುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎಂಬುದು ಗೂಗಲ್ ಇಟ್ಟಿರುವ ಅಳತೆ. ಪರದೆ ತುಂಬುವ ಭಾರವಾದ ಹಿನ್ನೆಲೆ ಚಿತ್ರ ಈ ಅಳತೆಯಲ್ಲಿ ಪುಟವನ್ನು ಹಿಂದೆ ಹಾಕುತ್ತದೆ.

ಭಾರ ಇಳಿಸುವ ದಾರಿಗಳು ಸುಲಭ. ಪರದೆಗೆ ಬೇಕಾದಷ್ಟೇ ಅಗಲಕ್ಕೆ ಚಿತ್ರ ಕತ್ತರಿಸಿ. ಫೋಟೊಗಳಿಗೆ ಪಿಎನ್‌ಜಿ ಬದಲು ಜೆಪೆಗ್ ಬಳಸಿ. ಗೂಗಲ್ 2010ರಲ್ಲಿ ತಂದ ವೆಬ್‌ಪಿ ಅಥವಾ ಆಮೇಲೆ ಬಂದ ಎವಿಐಎಫ್ ಮಾದರಿಯಲ್ಲಿ ಉಳಿಸಿದರೆ ಫೈಲ್ ಇನ್ನಷ್ಟು ಸಣ್ಣದಾಗುತ್ತದೆ. ಬರೀ ಬಣ್ಣದ ಏರಿಳಿತ ಸಾಕು ಎನ್ನುವಲ್ಲಿ ಚಿತ್ರವೇ ಬೇಡ, ಸಿಎಸ್‌ಎಸ್‌ನ ‘ಗ್ರೇಡಿಯಂಟ್’ ಒಂದೇ ಸಾಲಿನಲ್ಲಿ ಅದನ್ನು ಮಾಡಿಕೊಡುತ್ತದೆ.

ಬಿಳಿ ಆಕಾಶದ ಮೇಲೆ ಬಿಳಿ ಅಕ್ಷರ

ಚಿತ್ರ ಬೇಗ ಬಂತು, ಸರಿಯಾಗಿಯೂ ಕೂತಿತು. ಆದರೂ ಓದಲು ಆಗುತ್ತಿಲ್ಲ. ಇದು ಕಾಂಟ್ರಾಸ್ಟ್ ಸಮಸ್ಯೆ, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರ ಸಾಲದೆ ಹೋಗುವುದು.

ಇದನ್ನು ಅಳೆಯಲು ಡಬ್ಲ್ಯು3ಸಿಯ ‘ಡಬ್ಲ್ಯುಸಿಎಜಿ’ ಮಾರ್ಗಸೂಚಿಯಲ್ಲಿ ನಿಖರ ಲೆಕ್ಕವಿದೆ. ಬಿಳಿಯ ಮೇಲೆ ಕಪ್ಪು ಅಕ್ಷರಕ್ಕೆ ಅನುಪಾತ 21:1, ಅದೇ ಗರಿಷ್ಠ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕು. 18 ಪಾಯಿಂಟ್‌ಗಿಂತ ದೊಡ್ಡದಾದ ಅಥವಾ 14 ಪಾಯಿಂಟ್‌ನ ದಪ್ಪ ಅಕ್ಷರಕ್ಕೆ 3:1 ಸಾಕು.

ಕನ್ನಡಿಗರಿಗೆ ಹತ್ತಿರದ ಉದಾಹರಣೆ ಎಂದರೆ ರಾಜ್ಯೋತ್ಸವದ ಪುಟಗಳು. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಅಕ್ಷರ ನೋಡಲು ಅಬ್ಬರವಾಗಿರುತ್ತದೆ. ಲೆಕ್ಕ ಹಾಕಿದರೆ ಅನುಪಾತ ಸುಮಾರು 3.7:1. ದೊಡ್ಡ ಶೀರ್ಷಿಕೆಗೆ ನಡೆಯುತ್ತದೆ, ಕಾರ್ಯಕ್ರಮದ ವಿವರದ ಸಣ್ಣ ಅಕ್ಷರಕ್ಕೆ ಸಾಲದು. ಅದೇ ಕೆಂಪನ್ನು ಗಾಢ ಮಾಡಿ ಕುಂಕುಮದ ಬಣ್ಣಕ್ಕೆ ತಂದರೆ ಅನುಪಾತ 9:1 ದಾಟುತ್ತದೆ. ಬಾವುಟದ ಬಣ್ಣದ ಭಾವವೂ ಉಳಿಯುತ್ತದೆ, ಓದಲೂ ಆಗುತ್ತದೆ.

ಒಂದೇ ಬಣ್ಣದ ಹಿನ್ನೆಲೆಯಾದರೆ ಲೆಕ್ಕ ಸುಲಭ. ಫೋಟೊ ಬಂದರೆ ಕಷ್ಟ. ಹಜೀರಾದ ಫೋಟೊದಲ್ಲಿ ಆಕಾಶ ಬೆಳ್ಳಗೆ, ನೀರು ಮಣ್ಣಿನ ಬಣ್ಣ, ಹಡಗಿನ ನೆರಳು ಕಪ್ಪು. ಒಂದೇ ಸಾಲಿನ ಅಕ್ಷರಗಳು ಒಂದು ತುದಿಯಲ್ಲಿ ಕಂಡು ಇನ್ನೊಂದು ತುದಿಯಲ್ಲಿ ಮಾಯವಾಗುತ್ತವೆ. ಪರದೆಯ ಗಾತ್ರ ಬದಲಾದಂತೆ ಚಿತ್ರ ಸರಿಯುವುದರಿಂದ ಯಾವ ಅಕ್ಷರದ ಹಿಂದೆ ಯಾವ ಬಣ್ಣ ಬರುತ್ತದೆ ಎಂದು ಹೇಳಲೂ ಆಗದು.

ಇದಕ್ಕೆ ವಿನ್ಯಾಸಕಾರರು ಬಳಸುವ ಉಪಾಯ, ಚಿತ್ರಕ್ಕೂ ಅಕ್ಷರಕ್ಕೂ ನಡುವೆ ಅರೆಪಾರದರ್ಶಕ ಕಪ್ಪು ಪದರ ಹಾಕುವುದು. ಎಷ್ಟು ದಟ್ಟ ಇರಬೇಕು? ಚಿತ್ರದಲ್ಲಿ ಅಚ್ಚ ಬಿಳಿ ಭಾಗವಿದೆ, ಅದರ ಮೇಲೇ ಬಿಳಿ ಅಕ್ಷರ ಬರುತ್ತದೆ ಎಂದುಕೊಂಡು ಲೆಕ್ಕ ಹಾಕಿದರೆ ಹೀಗಿದೆ:

* ಶೇ 50ರಷ್ಟು ಕಪ್ಪು ಪದರ: ಅನುಪಾತ ಸುಮಾರು 4:1. ಸಣ್ಣ ಅಕ್ಷರಕ್ಕೆ ಸಾಲದು.
* ಶೇ 55ರಷ್ಟು: ಸುಮಾರು 4.7:1. ಸರಿಹೋಗುತ್ತದೆ.
* ಶೇ 60ರಷ್ಟು: ಸುಮಾರು 5.7:1. ಆರಾಮವಾಗಿ ಓದಬಹುದು.

ಅಂದರೆ ಶೇ 60ರ ಪದರ ಹಾಕಿದರೆ ಅದರಡಿ ಯಾವ ಫೋಟೊ ಬಂದರೂ ಬಿಳಿ ಅಕ್ಷರ ಕಾಣುತ್ತದೆ. ಇಷ್ಟು ಕಪ್ಪಾದರೆ ಫೋಟೊ ಹಾಳಾಗುತ್ತದೆ ಎನಿಸಿದರೆ ಇನ್ನೊಂದು ದಾರಿಯಿದೆ. ಅಕ್ಷರ ಇರುವಷ್ಟು ಜಾಗಕ್ಕೆ ಮಾತ್ರ ಬಣ್ಣದ ಚೌಕವಿಟ್ಟು ಉಳಿದೆಡೆ ಫೋಟೊವನ್ನು ಹಾಗೇ ಬಿಡಬಹುದು.

ಇನ್ನೊಂದು ತುಂಬಾ ಮುಖ್ಯ: ಹಿನ್ನೆಲೆ ಚಿತ್ರದ ಜತೆ ಹಿನ್ನೆಲೆ ಬಣ್ಣವನ್ನೂ ತಪ್ಪದೆ ಕೊಡಬೇಕು. ಚಿತ್ರ ಇನ್ನೂ ಬಂದಿಲ್ಲ, ಅಥವಾ ಬರಲೇ ಇಲ್ಲ ಎಂದಾಗ ಪರದೆ ಬೆಳ್ಳಗೇ ಇರುತ್ತದೆ. ಅಕ್ಷರವೂ ಬೆಳ್ಳಗಿದ್ದರೆ ಪುಟದಲ್ಲಿ ಏನೂ ಇಲ್ಲದಂತೆ ಕಾಣುತ್ತದೆ. ಗಾಢ ನೀಲಿಯಂಥ ಬಣ್ಣವೊಂದನ್ನು ಕೊಟ್ಟಿದ್ದರೆ ಚಿತ್ರಕ್ಕೆ ಕಾಯದೆ ಓದಬಹುದು. ಆರಂಭದ ಸನ್ನಿವೇಶದಲ್ಲಿ ಆ ಹುಡುಗನಿಗೆ ಬೇಕಿದ್ದುದು ಇಷ್ಟೇ.

ಕನ್ನಡ ಅಕ್ಷರಕ್ಕೆ ಇನ್ನಷ್ಟು ಎಚ್ಚರ ಏಕೆ?

ಇಂಗ್ಲಿಷ್ ಪುಟಗಳಿಗಾಗಿ ಮಾಡಿದ ಟೆಂಪ್ಲೇಟ್‌ಗಳಲ್ಲಿ ಕನ್ನಡ ತುಂಬಿದಾಗ ಬರುವ ತೊಂದರೆಗಳೇ ಬೇರೆ. ಕನ್ನಡದಲ್ಲಿ ಎಷ್ಟೋ ಅಕ್ಷರಗಳ ನಡುವಿನ ವ್ಯತ್ಯಾಸ ಒಂದು ಚುಕ್ಕೆ ಅಥವಾ ಒಂದು ಸಣ್ಣ ಗೆರೆ ಮಾತ್ರ. ‘ರ’ ಮತ್ತು ‘ಠ’ ನಡುವೆ ಇರುವುದು ಒಳಗಿನ ಚುಕ್ಕೆ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ ನಡುವೆ ಇರುವುದು ಕೆಳಗಿನ ಪುಟ್ಟ ಸೀಳು. ಅಲೆ, ಎಲೆ, ಮರಳಿನಂಥ ಗಿಜಿಗಿಜಿ ಚಿತ್ರದ ಮೇಲೆ ಈ ಚುಕ್ಕೆ-ಸೀಳುಗಳು ಮೊದಲು ಮರೆಯಾಗುತ್ತವೆ.

ಒತ್ತಕ್ಷರಗಳದ್ದು ಇನ್ನೊಂದು ಕಥೆ. ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ದಂಥ ಪದಗಳಲ್ಲಿ ಒತ್ತುಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ, ಗುಣಿತ ಚಿಹ್ನೆಗಳು ಮೇಲಕ್ಕೆ ಏರುತ್ತವೆ. ಇಂಗ್ಲಿಷ್‌ಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಸಾಲಿನ ಎತ್ತರ ಕೊಟ್ಟರೆ ಓದು ಸಲೀಸಾಗುತ್ತದೆ. ಅಕ್ಷರದ ಹಿಂದೆ ಬಣ್ಣದ ಪಟ್ಟಿ ಹಾಕುವಾಗ ಒತ್ತುಗಳು ಪಟ್ಟಿಯ ಆಚೆ ಚಾಚಿ ಚಿತ್ರದಲ್ಲಿ ಕರಗಿಹೋಗದಂತೆ ಕೆಳಗಡೆ ಸ್ವಲ್ಪ ಹೆಚ್ಚು ಜಾಗ ಬಿಡಬೇಕು.

ತೆಳುವಾದ ಅಲಂಕಾರಿಕ ಫಾಂಟ್‌ಗಳನ್ನು ಚಿತ್ರದ ಮೇಲೆ ಬಳಸದಿರುವುದು ಒಳ್ಳೆಯದು. ಚಿತ್ರದ ಮೇಲೆ ಬರುವ ಬರಹ ಚಿಕ್ಕದಿರಲಿ, ಅಕ್ಷರ ದಪ್ಪವಿರಲಿ. ಉದ್ದದ ವಿವರಣೆಗೆ ಬಿಳಿ ಅಥವಾ ತಿಳಿಬಣ್ಣದ ಸಾದಾ ಹಿನ್ನೆಲೆಯೇ ಸರಿ.

ಚಿತ್ರದೊಳಗೇ ಬರಹ ಬೇಡ

ಎಲ್ಲಕ್ಕಿಂತ ದೊಡ್ಡ ತಪ್ಪು ಇದು. ಹಡಗಿನ ಸಮಯ, ದರ, ಫೋನ್ ನಂಬರ್ ಎಲ್ಲವನ್ನೂ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಚಿತ್ರದ ಮೇಲೇ ಬರೆದು, ಆ ಚಿತ್ರವನ್ನು ಹಿನ್ನೆಲೆಯಾಗಿ ಹಾಕುವುದು.

ಒಂದು ಕಾಲದಲ್ಲಿ ಇದಕ್ಕೆ ಕಾರಣವಿತ್ತು. ಕನ್ನಡ ಯೂನಿಕೋಡ್ ಬಳಕೆ ಹರಡುವ ಮೊದಲು ಓದುಗರ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇರುತ್ತದೆ ಎಂಬ ಭರವಸೆ ಇರಲಿಲ್ಲ. ಒಬ್ಬೊಬ್ಬರದು ಒಂದೊಂದು ಫಾಂಟ್, ಒಂದೊಂದು ಸಂಕೇತ ಪದ್ಧತಿ. ಪುಟದ ಶೀರ್ಷಿಕೆಯಾದರೂ ಸರಿಯಾಗಿ ಕಾಣಲಿ ಎಂದು ಅದನ್ನು ಚಿತ್ರವಾಗಿಯೇ ಹಾಕುತ್ತಿದ್ದರು. ಇಂದು ಎಲ್ಲ ಮೊಬೈಲ್, ಕಂಪ್ಯೂಟರ್‌ಗಳಲ್ಲೂ ಯೂನಿಕೋಡ್ ಕನ್ನಡ ಮೂಡುತ್ತದೆ. ಕಾರಣ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ.

ಚಿತ್ರದೊಳಗಿನ ಬರಹದಿಂದ ಆಗುವ ನಷ್ಟ ಒಂದೆರಡಲ್ಲ:

* ಹಿನ್ನೆಲೆ ಚಿತ್ರಕ್ಕೆ ಬದಲಿ ವಿವರ ಬರೆಯುವ ಅವಕಾಶವೇ ಇಲ್ಲ. ದೃಷ್ಟಿಹೀನರು ಬಳಸುವ ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್‌ಗಳು ಅದನ್ನು ಓದದೆ ಮುಂದೆ ಹೋಗುತ್ತವೆ.
* ಬ್ರೌಸರ್‌ನ ಅನುವಾದ ಸೌಲಭ್ಯ ಅದನ್ನು ಮುಟ್ಟುವುದಿಲ್ಲ. ಗುಜರಾತಿ ಲಿಪಿ ಓದಲು ಬಾರದ ಕನ್ನಡಿಗನಿಗೆ, ಒಡಿಶಾ ಅಥವಾ ಬಿಹಾರದಿಂದ ಬಂದ ಕಾರ್ಮಿಕನಿಗೆ ಆ ಸಮಯಪಟ್ಟಿ ಬರೀ ಗೆರೆಗಳು.
* ಹುಡುಕಾಟಕ್ಕೆ ಸಿಗುವುದಿಲ್ಲ, ಫೋನ್ ನಂಬರ್ ಒತ್ತಿದರೆ ಕರೆ ಹೋಗುವುದಿಲ್ಲ, ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲೂ ಆಗದು.
* ವಯಸ್ಸಾದವರು ಅಕ್ಷರದ ಗಾತ್ರ ಹೆಚ್ಚಿಸಿದರೆ ಉಳಿದ ಬರಹ ದೊಡ್ಡದಾಗುತ್ತದೆ, ಚಿತ್ರದೊಳಗಿನದು ಇದ್ದಲ್ಲೇ ಇರುತ್ತದೆ.
* ಬ್ರೌಸರ್‌ಗಳು ಸಾಮಾನ್ಯವಾಗಿ ಹಿನ್ನೆಲೆ ಚಿತ್ರವನ್ನು ಮುದ್ರಿಸುವುದಿಲ್ಲ. ಪುಟದ ಪ್ರಿಂಟ್ ತೆಗೆದುಕೊಂಡು ಹೊರಟವರ ಕೈಯಲ್ಲಿರುವ ಹಾಳೆಯಲ್ಲಿ ಸಮಯವೇ ಇರುವುದಿಲ್ಲ.
* ಗಾಳಿ-ಮಳೆಯಿಂದ ಹಡಗಿನ ಸಮಯ ಬದಲಾದರೆ ಚಿತ್ರವನ್ನೇ ಹೊಸದಾಗಿ ಮಾಡಬೇಕು. ಬ್ರೌಸರ್ ಮೊದಲು ಉಳಿಸಿಕೊಂಡ ಹಳೆಯ ಚಿತ್ರವನ್ನೇ ಮತ್ತೆ ತೋರಿಸುವ ಅಪಾಯವೂ ಇದೆ.

ಸರ್ಕಾರಿ ಪುಟಗಳಿಗೆ ಈ ವಿಷಯದಲ್ಲಿ ನಿಯಮಗಳೇ ಇವೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ (ಎನ್‌ಐಸಿ) ಸಿದ್ಧಪಡಿಸಿದ ಭಾರತ ಸರ್ಕಾರದ ವೆಬ್‌ಸೈಟ್‌ಗಳ ಮಾರ್ಗಸೂಚಿ 2009ರಲ್ಲಿ ಬಂತು, ಅದರ ಮೂರನೇ ಆವೃತ್ತಿ 2023ರಲ್ಲಿ ಹೊರಬಿತ್ತು. ಪುಟಗಳು ಅಂಗವಿಕಲರೂ ಸೇರಿದಂತೆ ಎಲ್ಲರಿಗೂ ಬಳಸಲು ಬರುವಂತಿರಬೇಕು ಎಂಬುದು ಅದರ ಮುಖ್ಯ ಆಶಯಗಳಲ್ಲೊಂದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯೂ ಮಾಹಿತಿ ತಂತ್ರಜ್ಞಾನ ಎಲ್ಲರ ಕೈಗೆಟುಕಬೇಕು ಎನ್ನುತ್ತದೆ.

ತುರ್ತು ಹೊತ್ತಿನಲ್ಲಿ ಪುಟ ಹಗುರವಿರಲಿ

ಹಜೀರಾದಂಥ ಊರಿನಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. 2020ರ ಸೆಪ್ಟೆಂಬರ್ 24ರ ನಸುಕಿನಲ್ಲಿ ಇಲ್ಲಿನ ಒಎನ್‌ಜಿಸಿ ಅನಿಲ ಸಂಸ್ಕರಣಾ ಘಟಕದಲ್ಲಿ ಸ್ಫೋಟದ ಸದ್ದಿನೊಂದಿಗೆ ಬೆಂಕಿ ಕಾಣಿಸಿಕೊಂಡಿತ್ತು. ಜ್ವಾಲೆ ದೂರದೂರಕ್ಕೂ ಕಂಡಿತ್ತು. ಬೆಂಕಿಯನ್ನು ನಂದಿಸಲಾಯಿತು, ಪ್ರಾಣಹಾನಿ ಆಗಲಿಲ್ಲ.

ಇಂಥ ಹೊತ್ತಿನಲ್ಲಿ ಸುತ್ತಲಿನವರೆಲ್ಲ ಒಟ್ಟಿಗೆ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ನೆಟ್‌ವರ್ಕ್ ಮೇಲೆ ಒತ್ತಡ ಬೀಳುತ್ತದೆ. ಯಾವ ದಾರಿ ಮುಚ್ಚಿದೆ, ಯಾವ ನಂಬರ್‌ಗೆ ಕರೆ ಮಾಡಬೇಕು ಎಂಬ ಎರಡು ಸಾಲು ಬೇಕಾದವನ ಮುಂದೆ ಕಾರ್ಖಾನೆಯ ಡ್ರೋನ್ ಫೋಟೊ 20 ಸೆಕೆಂಡು ಇಳಿಯುತ್ತಾ ಕೂತರೆ ಪುಟ ಇದ್ದೂ ಇಲ್ಲದಂತೆ. ಕೈಗಾರಿಕಾ ಪ್ರದೇಶ, ಆಸ್ಪತ್ರೆ, ಜಿಲ್ಲಾಡಳಿತ, ಸಾರಿಗೆ ಸಂಸ್ಥೆ ಯಾವುದೇ ಇರಲಿ, ತುರ್ತು ಮಾಹಿತಿಯ ಪುಟಕ್ಕೆ ಹಿನ್ನೆಲೆ ಚಿತ್ರ ಬೇಡವೇ ಬೇಡ. ಕಪ್ಪು ಅಕ್ಷರ, ಬಿಳಿ ಹಿನ್ನೆಲೆ, ಒತ್ತಿದರೆ ಕರೆ ಹೋಗುವ ನಂಬರ್ ಇಷ್ಟಿದ್ದರೆ ಸಾಕು.

ಫೋಟೊ ಯಾರದ್ದು, ನಿಜವೇ?

ಗೂಗಲ್‌ನಲ್ಲಿ ಸಿಕ್ಕಿತು ಎಂದ ಮಾತ್ರಕ್ಕೆ ಫೋಟೊ ಬಿಟ್ಟಿಯಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆ ಫೋಟೊಗಳಿಗೂ ಅನ್ವಯಿಸುತ್ತದೆ. ಸ್ವಂತ ಫೋಟೊ ಬಳಸುವುದು ಉತ್ತಮ. ಇಲ್ಲವಾದರೆ ವಿಕಿಮೀಡಿಯ ಕಾಮನ್ಸ್‌ನಂಥ ಕಡೆ ಮರುಬಳಕೆಗೆ ಅನುಮತಿಯಿರುವ ಚಿತ್ರ ಹುಡುಕಿ, ಅಲ್ಲಿ ಹೇಳಿದಂತೆ ತೆಗೆದವರ ಹೆಸರು ನಮೂದಿಸಬೇಕು. ಬಂದರು, ಕಾರ್ಖಾನೆಗಳಲ್ಲಿ ಫೋಟೊ ತೆಗೆಯುವ ಮುನ್ನ ಅಲ್ಲಿನವರ ಅನುಮತಿ ಕೇಳುವುದು ಕ್ಷೇಮ.

ಚಿತ್ರ ಊರಿಗೆ ನಿಜವಾಗಿಯೂ ಇರಬೇಕು. ಖಂಭಾತ್ ಕೊಲ್ಲಿಯಲ್ಲಿ ಉಬ್ಬರವಿಳಿತ ಜೋರು, ನದಿಗಳು ತರುವ ಹೂಳೂ ಹೆಚ್ಚು, ಹಾಗಾಗಿ ನೀರು ಮಣ್ಣಿನ ಬಣ್ಣದ್ದು. ಹಜೀರಾ ಬಳಿಯ ಸುವಾಲಿ ಕಡಲತೀರ ಕಪ್ಪು ಮರಳಿಗೆ ಹೆಸರುವಾಸಿ. ಎಲ್ಲೋ ಮಾಲ್ದೀವ್ಸ್‌ನ ನೀಲಿ ಕಡಲನ್ನು ಹಿನ್ನೆಲೆಗೆ ಹಾಕಿ ಇದೇ ಹಜೀರಾ ಎಂದರೆ ಬಂದವರು ನಂಬಿಕೆ ಕಳೆದುಕೊಳ್ಳುತ್ತಾರೆ. ಕಾರವಾರದ ಹೋಂಸ್ಟೇಗೆ ಗೋವಾದ ಫೋಟೊ ಹಾಕುವವರಿಗೂ ಇದೇ ಮಾತು ಸಲ್ಲುತ್ತದೆ.

ಪುಟ ಬಿಡುಗಡೆಗೆ ಮುನ್ನ ಐದು ಪರೀಕ್ಷೆ

1. ಹಿನ್ನೆಲೆ ಚಿತ್ರವನ್ನು ತೆಗೆದುಹಾಕಿ ಪುಟ ನೋಡಿ. ಎಲ್ಲ ಮಾಹಿತಿ ಆಗಲೂ ಓದಲು ಸಿಗಬೇಕು.
2. ಸಾಮಾನ್ಯ ಬೆಲೆಯ ಮೊಬೈಲ್‌ನಲ್ಲಿ, ನಿಧಾನದ ನೆಟ್‌ವರ್ಕ್‌ನಲ್ಲಿ ತೆರೆದು ನೋಡಿ.
3. ಮಧ್ಯಾಹ್ನದ ಬಿಸಿಲಿಗೆ ಹೊರಗೆ ನಿಂತು ಓದಿ. ಮನೆಯೊಳಗೆ ಕಂಡದ್ದು ಜೆಟ್ಟಿಯ ಬಿಸಿಲಲ್ಲಿ ಕಾಣದಿರಬಹುದು.
4. ಸ್ಕ್ರೀನ್ ರೀಡರ್ ಹಾಕಿ ಕಣ್ಣು ಮುಚ್ಚಿ ಕೇಳಿ. ಹಡಗಿನ ಸಮಯ ಕಿವಿಗೆ ಬಿತ್ತೇ?
5. ಒಂದು ಹಾಳೆ ಪ್ರಿಂಟ್ ತೆಗೆದು ನೋಡಿ.

ಮೊದಲ ಪರೀಕ್ಷೆಯಲ್ಲಿ ಗೆದ್ದ ಪುಟ ಉಳಿದ ನಾಲ್ಕರಲ್ಲೂ ಬಹುಪಾಲು ಗೆಲ್ಲುತ್ತದೆ. ಹಾಗೆ ಮಾಡಿದ ಪುಟ ಹಜೀರಾ ರಸ್ತೆಯ ಆ ಕಾರಿನಲ್ಲಿ ತೆರೆದಿದ್ದರೆ, ಸೂರ್ಯಾಸ್ತದ ಚಿತ್ರ ಬರುವುದಕ್ಕೆ ಮೊದಲೇ ಮಗ ಸಮಯ ಓದಿ ಹೇಳುತ್ತಿದ್ದ. ಹಿಂದಿನ ಸೀಟಿನಲ್ಲಿದ್ದ ಅಜ್ಜ-ಅಜ್ಜಿ ನಿರಾಳವಾಗಿ ಹಡಗು ಹತ್ತುತ್ತಿದ್ದರು. ಚಿತ್ರ ಆಮೇಲೆ ಬಂದಿದ್ದರೂ ನಷ್ಟವಿರಲಿಲ್ಲ, ನಿಜವಾದ ಸಮುದ್ರವೇ ಎದುರಿಗಿರುತ್ತಿತ್ತು.